ಕರೆಂಟಿಗೊಬ್ಬ ನೀರುಗಂಟಿ

ನಮ್ಮೂರಿನಲ್ಲಿ ಟಿಸಿ ಅಂದರೆ ಶಾಲೆ ಬಿಡುವಾಗ ಕೊಡುವ ಟಿಸಿ ಅಲ್ಲ. ಹೊಲದ ಬದುವಿನಲ್ಲಿ ಎರಡು ಕಂಬಗಳ ನಡುವೆ ಕೂತಿರುವ ಟ್ರಾನ್ಸ್‌ಫಾರ್ಮರ್. ಕಾಲೇಜು ಸೇರಿದ ಮೊದಲ ವಾರ ಹಾಸ್ಟೆಲಿನಲ್ಲಿ ಕೂತು ಅಪ್ಪನಿಗೆ ಫೋನಿನಲ್ಲಿ "ಟಿಸಿ ಸಿಕ್ತಾ? ಯಾವಾಗ ಕೊಡ್ತಾರಂತೆ?" ಅಂತ ಕೇಳುತ್ತಿದ್ದೆ. ಪಕ್ಕದ ಮಂಚದ ಹುಡುಗಿ ಗಾಬರಿಯಾಗಿ, "ಏನೇ, ಆಗಲೇ ಕಾಲೇಜು ಬಿಡ್ತಾ ಇದೀಯಾ?" ಅಂದಳು. ಅವಳು ಬೆಂಗಳೂರಿನವಳು. ಟಿಸಿ ಸುಟ್ಟರೆ ಒಂದು ಊರಿನ ಅರ್ಧ ಹೊಲ ಒಣಗುತ್ತದೆ ಅಂತ ಅವಳಿಗೆ ಬಿಡಿಸಿ ಹೇಳುವಷ್ಟರಲ್ಲಿ ಮೆಸ್ಸಿನ ಊಟ ಮುಗಿದೇ ಹೋಗಿತ್ತು.

ನಮ್ಮದು ಮಧುಗಿರಿ ಕಡೆಯ ಹಳ್ಳಿ. ಅಂಗಳದಲ್ಲಿ ನಿಂತರೆ ಬೆಟ್ಟ ಕಾಣುತ್ತದೆ, ಮಳೆ ಕಾಣುವುದಿಲ್ಲ. ಎರಡೂವರೆ ಎಕರೆ ಜಮೀನು. ಅದರಲ್ಲಿ ಒಂದು ಎಕರೆ ಅಡಿಕೆ, ಮಿಕ್ಕಿದ್ದರಲ್ಲಿ ರಾಗಿ, ಕಡಲೆಕಾಯಿ, ಕೈಯಲ್ಲಿ ದುಡ್ಡು ಬೇಕೇಬೇಕು ಅನ್ನುವ ವರ್ಷ ಸೇವಂತಿಗೆ. ಬೋರು 720 ಅಡಿ. ಮೋಟಾರು ಇಳಿಸಿರುವುದು 640 ಅಡಿಗೆ. ಇಪ್ಪತ್ತು ಅಡಿಯ ಪೈಪುಗಳು ಒಟ್ಟು 32. ಈ ಲೆಕ್ಕ ನನಗೆ ಮಗ್ಗಿಗಿಂತ ಚೆನ್ನಾಗಿ ಗೊತ್ತು, ಯಾಕೆಂದರೆ ಮೋಟಾರು ಸುಟ್ಟಾಗಲೆಲ್ಲ ಅಷ್ಟೂ ಪೈಪು ಎತ್ತಬೇಕು, ಒಂದೊಂದನ್ನೇ ಬಿಚ್ಚಬೇಕು, ರಿಪೇರಿಯಾಗಿ ಬಂದ ಮೇಲೆ ಮತ್ತೆ ಒಂದೊಂದನ್ನೇ ಜೋಡಿಸಿ ಇಳಿಸಬೇಕು. ಎತ್ತುವ ಗಾಡಿಯವರಿಗೆ ದುಡ್ಡು, ಆಳುಗಳಿಗೆ ಊಟ, ಮೋಟಾರಿನೊಳಗೆ ಹೊಸ ತಂತಿ ಸುತ್ತುವ ರಿವೈಂಡಿಂಗಿಗೆ ದುಡ್ಡು, ಅಷ್ಟರಲ್ಲಿ ಸೇವಂತಿಗೆ ತಲೆ ಬಗ್ಗಿಸಿರುತ್ತದೆ.

ನಾನು ಸೆಕೆಂಡ್ ಪಿಯುಸಿಯಲ್ಲಿದ್ದ ವರ್ಷ ನಮ್ಮ ಮೋಟಾರು ಮೂರು ಸಲ ಸುಟ್ಟಿತು. ಮೂರನೇ ಸಲ ನನ್ನ ಸಿಇಟಿ ಕೋಚಿಂಗಿಗೆ ಅಂತ ಎತ್ತಿಟ್ಟಿದ್ದ ದುಡ್ಡು ಬೋರಿಗೆ ಇಳಿಯಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಆ ಸಲ ಅಪ್ಪನ ಜೊತೆ ನಾನೂ ಪೇಟೆಗೆ ಹೋಗಿದ್ದೆ. ರಿವೈಂಡಿಂಗ್ ಅಂಗಡಿಯವರನ್ನು ಎಲ್ಲರೂ ಭಾಯಿ ಅಂತಲೇ ಕರೆಯುವುದು. ಅಂಗಡಿ ಅಂದರೆ ಒಂದು ಶೆಟರು, ಮುಂದೆ ಸಾಲಾಗಿ ಮಲಗಿಸಿದ ಸುಟ್ಟ ಮೋಟಾರುಗಳು, ಆಸ್ಪತ್ರೆಯ ಹೊರಗೆ ಕಾಯುವವರ ಹಾಗೆ. ಭಾಯಿ ನಮ್ಮದನ್ನು ಬಿಚ್ಚಿ, ಟಾರ್ಚು ಬಿಟ್ಟು, ನನ್ನನ್ನು ಹತ್ತಿರ ಕರೆದರು.

"ನೋಡಮ್ಮ, ಈ ಎರಡು ಸುತ್ತು ಮಾತ್ರ ಕಪ್ಪಗಾಗಿದೆ. ಮೂರನೆಯದು ಹೊಸ ಮದುಮಗಳ ಹಾಗಿದೆ. ಏನಾಗಿದೆ ಹೇಳು?"

ನನಗೆ ಗೊತ್ತಾಗಲಿಲ್ಲ.

"ಮೋಟಾರಿಗೆ ಕರೆಂಟು ತರೋ ಮೂರು ಫೇಸಲ್ಲಿ ಒಂದರ ಫ್ಯೂಸು ಟಿಸಿ ಹತ್ತಿರ ಹೋಗಿದೆ. ಮೂರು ಜನ ಹೊರೋ ಮೂಟೆ ಇಬ್ಬರ ಮೇಲೆ ಬಿದ್ದಿದೆ. ಇವರಿಬ್ಬರೂ ಹೊತ್ತು ಹೊತ್ತು ಸತ್ತಿದಾರೆ. ಅವನು ಆರಾಮಾಗಿ ಮಲಗಿದಾನೆ."

ಇದನ್ನೇ ಎರಡು ವರ್ಷ ಆದ ಮೇಲೆ ನನಗೆ ಕಾಲೇಜಿನಲ್ಲಿ 'ಸಿಂಗಲ್ ಫೇಸಿಂಗ್' ಅಂತ ಹೇಳಿಕೊಟ್ಟರು. ಒಂದು ಫೇಸ್ ಹೋದರೆ ಅದೇ ಕೆಲಸಕ್ಕೆ ಉಳಿದ ಎರಡರಲ್ಲಿ ಹರಿಯುವ ಕರೆಂಟು ಸುಮಾರು 1.73 ಪಟ್ಟು ಆಗುತ್ತದೆ. ಪರೀಕ್ಷೆಯಲ್ಲಿ ಬಂದಿತ್ತು. ನಾನು ಮೂಟೆಯ ವಿಷಯ ಬರೆಯಲಿಲ್ಲ, ಬರೆದಿದ್ದರೆ ಮಾರ್ಕ್ಸ್ ಕೊಡುತ್ತಿದ್ದರೋ ಇಲ್ಲವೋ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೋದ ತಿಂಗಳು ಒಂದು ಸ್ಕಾಲರ್‌ಶಿಪ್ಪಿನ ಅರ್ಜಿ ತುಂಬುತ್ತಿದ್ದೆ. ಅದರಲ್ಲೊಂದು ಪ್ರಶ್ನೆ. ನಿಮ್ಮ ಎಂಜಿನಿಯರಿಂಗ್ ಓದಿನಿಂದ ಸಮಾಜದಲ್ಲಿ ಯಾವ ಬದಲಾವಣೆ ತರಲು ಬಯಸುತ್ತೀರಿ, 300 ಪದಗಳಲ್ಲಿ ಬರೆಯಿರಿ. ಮೂರು ವರ್ಷದ ಹಿಂದೆ ಆಗಿದ್ದರೆ ಇದಕ್ಕೆ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಈಗ ಎರಡು ರಾತ್ರಿ ಕೂತರೂ ಬರೆಯಲಾಗಲಿಲ್ಲ. 300 ಪದ ಸಾಲುವುದಿಲ್ಲ, ಅಥವಾ ಅಷ್ಟು ಪದಕ್ಕೆ ಬೇಕಾದಷ್ಟು ಧೈರ್ಯ ಸಾಲುವುದಿಲ್ಲ. ಹಾಗಾಗಿ ಇಲ್ಲಿ ಉದ್ದಕ್ಕೆ ಬರೆದುಕೊಳ್ಳುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಉತ್ತರ ಏನಪ್ಪಾ ಅಂದರೆ, ಸುಡದೇ ಇರುವ ಮೋಟಾರು ಕಂಡುಹಿಡಿಯುವುದು. ನಗಬೇಡಿ. ಸಿಇಟಿಯಲ್ಲಿ ನನ್ನ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲ, ಚಿಕ್ಕಪ್ಪ ಇನ್ನೊಂದು ವರ್ಷ ಕೂತು ಬರಿ ಅಂದರು, ನಾನು ಟ್ರಿಪಲ್ ಇ, ಅಂದರೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ತಗೊಂಡೆ. ನೆಂಟರಿಗೆಲ್ಲ ನನ್ನ ಮೇಲೆ ಕನಿಕರ. ಒಬ್ಬರು ದೊಡ್ಡಮ್ಮ ಅಂತೂ "ಹೆಣ್ಣುಹುಡುಗಿ ಕಂಬ ಹತ್ತುತ್ತಾಳಾ?" ಅಂತ ಅಮ್ಮನ ಹತ್ತಿರ ಗುಟ್ಟಾಗಿ ಕೇಳಿದರು. ನನಗೆ ಮಾತ್ರ ಒಳಗೊಳಗೇ ಖುಷಿ. ಭಾಯಿ ಅಂಗಡಿಯ ಮುಂದೆ ಮಲಗಿರುವ ಅಷ್ಟೂ ಮೋಟಾರುಗಳಿಗೆ ನಾನೇ ಡಾಕ್ಟರು ಅನ್ನುವ ಹಾಗೆ.

ಓದುತ್ತಾ ಹೋದ ಹಾಗೆ ಒಂದೊಂದೇ ಗಂಟು ಬಿಚ್ಚಿಕೊಂಡಿತು ಅನ್ನುವುದು ನಿಜ. ಇಂಡಕ್ಷನ್ ಮೋಟಾರಿನ, ಅಂದರೆ ನಮ್ಮ ಬೋರಿನಲ್ಲಿರುವಂಥ ಮೋಟಾರಿನ, ತಿರುಗಿಸುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಅಂತ ಮೇಷ್ಟ್ರು ಬೋರ್ಡಿನ ಮೇಲೆ ಬರೆದ ದಿನ ನಾನು ಬೆಂಚಿನ ಮೇಲೇ ಲೆಕ್ಕ ಹಾಕಿದೆ. 415 ಬರಬೇಕಾದ ಕಡೆ 300 ವೋಲ್ಟ್ ಬಂದರೆ ತಿರುಗಿಸುವ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. 640 ಅಡಿ ಆಳದ ನೀರಿನ ಭಾರ ಮಾತ್ರ ಅಷ್ಟೇ ಇರುತ್ತದೆ. ಮೋಟಾರು ತಿರುಗಲಾರದೆ ಗುಂಯ್ ಅನ್ನುತ್ತದೆ, ಬಿಡಲಾರದೆ ಐದಾರು ಪಟ್ಟು ಕರೆಂಟು ಎಳೆಯುತ್ತದೆ, ಕಾಯುತ್ತದೆ, ಸುಡುತ್ತದೆ. ಚಿಕ್ಕವಳಿದ್ದಾಗ ರಾತ್ರಿ ಕರೆಂಟು ಬಂದ ಕೂಡಲೇ ಪಂಪ್‌ಹೌಸಿನ ಬಲ್ಬು ಬೀಡಿ ತುದಿಯ ಕೆಂಡದ ಹಾಗೆ ಕೆಂಪಗಾಗುತ್ತಿದ್ದುದು ನೆನಪಿಗೆ ಬಂತು. ಅಪ್ಪ ಆಗ "ಮೋಟಾರು ಎದ್ದೇಳ್ತಾ ಇಲ್ಲ" ಅಂತ ಗೊಣಗುತ್ತಿದ್ದ. ಆ ಬಲ್ಬು ಅಷ್ಟು ವರ್ಷ ನನಗೆ ಹೇಳುತ್ತಿದ್ದುದು ಇದನ್ನೇ.

ಆದರೆ ಬಲ್ಬು ಯಾಕೆ ಕೆಂಪಗಾಗುತ್ತಿತ್ತು? ಇದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಊರಿನಲ್ಲಿತ್ತು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹೊಲಕ್ಕೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ಕರೆಂಟು ಅಂತ ಲೆಕ್ಕ. ಅದರಲ್ಲಿ ಒಂದು ಪಾಲು ರಾತ್ರಿ ಬರುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು, ಟಾರ್ಚು ಹಿಡಿದು, ಕೋಲು ಕುಟ್ಟಿಕೊಂಡು ಹೊಲಕ್ಕೆ ಹೋಗಿ ಮೋಟಾರು ಹಾಕಬೇಕು. ಹಾವು ಕಚ್ಚಿಸಿಕೊಂಡವರು ನಮ್ಮ ಕಡೆ ಪ್ರತಿ ಊರಿನಲ್ಲೂ ಇದ್ದಾರೆ. ಅದಕ್ಕೇ ಎಲ್ಲರೂ ಆಟೋ ಸ್ಟಾರ್ಟರ್ ಹಾಕಿಸಿಕೊಂಡರು. ಕರೆಂಟು ಬಂದ ಕೂಡಲೇ ಮೋಟಾರು ತಾನಾಗೇ ಆನ್ ಆಗುವ ಡಬ್ಬಿ. ಎಂಥ ಒಳ್ಳೆಯ ಡಬ್ಬಿ ಅಲ್ವಾ? ಅಮ್ಮ ಅದು ಬಂದ ದಿನ ಊದುಬತ್ತಿ ಹಚ್ಚಿ ಕೈ ಮುಗಿದಿದ್ದಳು.

ಈಗ ನಮ್ಮ ಟಿಸಿ ನೋಡಿ. ಅದರ ಸಾಮರ್ಥ್ಯ 63 ಕೆವಿಎ, ಅಂದರೆ ಒಂದು ಫೇಸಿಗೆ ಸುಮಾರು 84 ಆಂಪಿಯರ್ ತಡೆದುಕೊಳ್ಳುತ್ತದೆ. ಅದರ ಕೆಳಗೆ ಹನ್ನೊಂದು ಮೋಟಾರು. ಬರೆಸಿರುವುದು ಎಲ್ಲವೂ 5 ಎಚ್‌ಪಿ. ಒಳಗೆ ಇರುವುದು ಎಷ್ಟು ಅಂತ ಭಾಯಿಗೆ ಗೊತ್ತು, ದೇವರಿಗೆ ಗೊತ್ತು. ಸುಮ್ನೆ 5 ಎಚ್‌ಪಿ ಅಂತಲೇ ಹಿಡಿಯೋಣ, ಒಂದೊಂದು ಓಡುವಾಗ 9 ಆಂಪಿಯರ್ ಎಳೆದರೂ 99 ಆಯಿತು, ಆಗಲೇ ಜಾಸ್ತಿ. ಸ್ಟಾರ್ಟ್ ಆಗುವಾಗ ಐದು ಪಟ್ಟು ಎಳೆಯುತ್ತವೆ. ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಕರೆಂಟು ಬಂತು, ಹನ್ನೊಂದು ಡಬ್ಬಿಗಳೂ ಒಟ್ಟಿಗೆ ಟಪ್ ಅಂದವು, 84 ಆಂಪಿಯರಿನ ಟಿಸಿಯ ಹತ್ತಿರ ಹನ್ನೊಂದು ಜನ ಸೇರಿ 500 ಆಂಪಿಯರ್ ಕೇಳಿದರು. ಮದುವೆ ಊಟಕ್ಕೆ ಬಾಗಿಲು ತೆಗೆದಾಗ ನುಗ್ಗುತ್ತಾರಲ್ಲ, ಹಾಗೆ. ಯಾರಿಗೂ ಎಲೆ ಸಿಗುವುದಿಲ್ಲ, ಬಾಗಿಲು ಮುರಿಯುತ್ತದೆ. ಬಲ್ಬು ಕೆಂಪಗಾಗುವುದು ಆಗ. ಒಂದು ಫ್ಯೂಸು ಹಾರುವುದು ಆಗ. ಭಾಯಿ ತೋರಿಸಿದ ಎರಡು ಕಪ್ಪು ಸುತ್ತುಗಳು ಹುಟ್ಟುವುದೂ ಆಗಲೇ.

ಹಾವಿನಿಂದ ಜೀವ ಉಳಿಸಿದ ಡಬ್ಬಿಯೇ ಮೋಟಾರು ಸುಡುತ್ತಿತ್ತು. ಇದು ಹೊಳೆದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆರನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಇದನ್ನೇ ಎತ್ತಿಕೊಂಡೆ. ಹನ್ನೊಂದು ಡಬ್ಬಿಗಳಿಗೆ ಹನ್ನೊಂದು ಟೈಮರು. ಮೊದಲನೆಯದು ಕರೆಂಟು ಬಂದ ಕೂಡಲೇ, ಎರಡನೆಯದು ಹತ್ತು ಸೆಕೆಂಡ್ ಬಿಟ್ಟು, ಮೂರನೆಯದು ಇಪ್ಪತ್ತು ಸೆಕೆಂಡ್ ಬಿಟ್ಟು, ಹೀಗೆ. ಕೊನೆಯದು 100 ಸೆಕೆಂಡಿಗೆ. ಎಲ್ಲರಿಗೂ ಎಲೆ ಸಿಗುತ್ತದೆ. ಮೈಕ್ರೋಕಂಟ್ರೋಲರ್ ಬೋರ್ಡು, ರಿಲೇ, ಕೋಡು, ನೋಡಲು ಚೆಂದದ ಡಬ್ಬಿ. ನಮ್ಮ ಬ್ಯಾಚಿನಲ್ಲಿ ನಾಲ್ಕು ಜನ, ಹಗಲು ರಾತ್ರಿ ಕೂತು ಮಾಡಿದೆವು. ಲ್ಯಾಬಿನಲ್ಲಿ ಮೂರು ಬಲ್ಬು ಒಂದಾದ ಮೇಲೊಂದು ಹತ್ತಿದಾಗ ಕೂಗಾಡಿದೆವು. ಮೇಡಂ ಕೂಡ ಮೆಚ್ಚಿದರು.

ರಜೆಯಲ್ಲಿ ಅದನ್ನು ಚೀಲದಲ್ಲಿಟ್ಟುಕೊಂಡು ಭಾಯಿ ಅಂಗಡಿಗೆ ಹೋದೆ. ಹೇಗಿದ್ದರೂ ಇಂಟರ್ನ್‌ಶಿಪ್ ಮಾಡಬೇಕಿತ್ತು, ನಾಲ್ಕು ವಾರ ಅಲ್ಲೇ ಕೂರುತ್ತೇನೆ ಅಂತ ಹಟ ಹಿಡಿದಿದ್ದೆ. (ಕಾಲೇಜಿನವರು ಆಮೇಲೆ ಇದನ್ನು ಒಪ್ಪಲಿಲ್ಲ. ಲೆಟರ್‌ಹೆಡ್ ಇಲ್ಲದ ಅಂಗಡಿ ಇಂಡಸ್ಟ್ರಿ ಅಲ್ಲವಂತೆ. ಕೊನೆಗೆ ಆನ್‌ಲೈನಿನಲ್ಲಿ ದುಡ್ಡು ಕಟ್ಟಿ, ವಿಡಿಯೋ ನೋಡಿ, ಒಂದು ಸರ್ಟಿಫಿಕೇಟ್ ತಂದು ಕೊಟ್ಟೆ. ಅದನ್ನು ಒಪ್ಪಿದರು. ಈ ವಿಷಯ ಇಲ್ಲಿಗೇ ಬಿಡುತ್ತೇನೆ, ಬಿಪಿ ಜಾಸ್ತಿಯಾಗುತ್ತದೆ.)

ಭಾಯಿ ನನ್ನ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲ ಕೇಳಿಸಿಕೊಂಡರು. ಆಮೇಲೆ ಏನೂ ಮಾತಾಡದೆ ಕಪಾಟಿನಿಂದ ಒಂದು ಹಳೆಯ ಆಟೋ ಸ್ಟಾರ್ಟರ್ ತೆಗೆದು, ಮುಚ್ಚಳ ಬಿಚ್ಚಿ, ಒಳಗೆ ಬೆರಳಿಟ್ಟು ತೋರಿಸಿದರು. ಅಲ್ಲೊಂದು ಪುಟ್ಟ ಸ್ಕ್ರೂ. ಪಕ್ಕದಲ್ಲಿ ಸೊನ್ನೆಯಿಂದ ಅಂಕಿಗಳು.

"ಇದೇನು ಭಾಯಿ?"

"ನಿನ್ನ ಪ್ರಾಜೆಕ್ಟು."

ಡಿಲೇ, ಅಂದರೆ ಕರೆಂಟು ಬಂದು ಸ್ವಲ್ಪ ಹೊತ್ತು ಬಿಟ್ಟು ಆನ್ ಆಗುವ ವ್ಯವಸ್ಥೆ, ಮೊದಲೇ ಇತ್ತು. ಕಂಪನಿಯವರೇ ಇಟ್ಟು ಕಳಿಸಿದ್ದರು. ಹನ್ನೊಂದು ಡಬ್ಬಿಗಳಲ್ಲಿ ಎಂಟರಲ್ಲಿ ಆ ಸ್ಕ್ರೂ ಇತ್ತು ಅಂತ ಆಮೇಲೆ ನೋಡಿದಾಗ ಗೊತ್ತಾಯಿತು. ಎಂಟರಲ್ಲೂ ಅದನ್ನು ಸೊನ್ನೆಗೆ ತಿರುಗಿಸಿಟ್ಟಿದ್ದರು. ತಿರುಗಿಸಿಟ್ಟವರು ಭಾಯಿಯೇ. "ನಾನೇನು ಮಾಡಲಿ? ಎಲ್ಲರೂ ಬಂದು ಹೇಳೋದು ಒಂದೇ ಮಾತು. ಪಕ್ಕದವನಿಗಿಂತ ಮೊದಲು ನಮ್ಮದು ಎತ್ತಬೇಕು."

ಆವತ್ತು ಮನೆಗೆ ಬಸ್ಸಿನಲ್ಲಿ ಬರುವಾಗ ಚೀಲದಲ್ಲಿದ್ದ ನನ್ನ ಡಬ್ಬಿ ಬಹಳ ಭಾರ ಅನ್ನಿಸಿತು. ಎಂಜಿನಿಯರಿಂಗ್ ಓದುವವರೆಲ್ಲ ಒಂದಲ್ಲ ಒಂದು ದಿನ ಈ ಬಸ್ಸು ಹತ್ತಬೇಕು ಅಂತ ಕಾಣುತ್ತದೆ. ನಾವು ಕಂಡುಹಿಡಿಯಬೇಕು ಅಂದುಕೊಂಡದ್ದನ್ನು ಯಾರೋ ಯಾವಾಗಲೋ ಕಂಡುಹಿಡಿದು, ಅದು ಊರಿಗೂ ಬಂದು, ಡಬ್ಬಿಯೊಳಗೆ ಸೊನ್ನೆಯಲ್ಲಿ ಕೂತಿರುತ್ತದೆ.

ಊಟಕ್ಕೆ ಕೂತಾಗ ಇದನ್ನು ತಾತನಿಗೆ ಹೇಳಿದೆ. ತಾತನಿಗೆ ಎಂಬತ್ತು ದಾಟಿದೆ, ಕಿವಿ ಸ್ವಲ್ಪ ದೂರ. ಎಲ್ಲ ಕೇಳಿ, "ನೀರುಗಂಟಿ ಇಲ್ಲ ಅಂದ ಮೇಲೆ ಇನ್ನೇನಾಗುತ್ತೆ?" ಅಂದ.

ಈಗಿನ ಹುಡುಗರಿಗೆ ನೀರುಗಂಟಿ ಅಂದರೆ ಗೊತ್ತಿರಲಾರದು. ಕೆರೆಯ ತೂಬು ಎತ್ತಿ ಇಳಿಸುವವನು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾರ ಪಾಳಿ ಯಾವಾಗ, ನೀರು ಕಡಿಮೆಯಾದ ವರ್ಷ ಯಾರಿಗೆ ಎಷ್ಟು ಕಡಿತ, ಎಲ್ಲ ಅವನ ಕೈಯಲ್ಲಿ. ಊರ ಗೌಡನಾದರೂ ತಾನೇ ಹೋಗಿ ತೂಬು ಎತ್ತುವ ಹಾಗಿರಲಿಲ್ಲ ಅಂತ ತಾತ ಹೇಳುತ್ತಾನೆ. ಎಲ್ಲ ಕಡೆ ಅಷ್ಟು ನ್ಯಾಯವಾಗಿ ನಡೆಯುತ್ತಿತ್ತೋ ಇಲ್ಲವೋ, ನನಗೆ ಅನುಮಾನ ಇದೆ. ಆ ಕೆಲಸ ಮಾಡುತ್ತಿದ್ದವರು ಹೆಚ್ಚಾಗಿ ದಲಿತರು, ಅವರ ಸ್ವಂತದ ಗದ್ದೆಗೆ ಎಷ್ಟು ನೀರು ಸಿಗುತ್ತಿತ್ತು ಅಂತ ತಾತನನ್ನು ಕೇಳಿದರೆ ಅವನಿಗೆ ಕಿವಿ ಕೇಳಿಸುವುದಿಲ್ಲ. ಆದರೂ ಪಾಳಿ ಅಂತ ಒಂದಿತ್ತು. ಬೋರು ಬಂತು, ಪ್ರತಿಯೊಬ್ಬನೂ ತನ್ನ ಹೊಲಕ್ಕೆ ತಾನೇ ರಾಜನಾದ, ಕೆರೆ ಒಣಗಿತು, ನೀರುಗಂಟಿ ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಆದ.

ಪ್ರತಿ ಸೆಪ್ಟೆಂಬರ್ 15ಕ್ಕೆ ನಮ್ಮ ಕಾಲೇಜಿನಲ್ಲಿ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತಾರೆ. ಕೆಆರ್‌ಎಸ್ ಬಗ್ಗೆ ಮಾತಾಡುತ್ತಾರೆ, ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ 1903ರಲ್ಲಿ ಅವರು ಕೂರಿಸಿದ, ತಾವಾಗೇ ತೆರೆದು ಮುಚ್ಚುವ ಗೇಟುಗಳ ಬಗ್ಗೆ ಮಾತಾಡುತ್ತಾರೆ. ಅವರ ಬ್ಲಾಕ್ ಪದ್ಧತಿಯ ಬಗ್ಗೆ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ಅದರಲ್ಲಿ ಗೇಟಿಲ್ಲ, ಸಿಮೆಂಟಿಲ್ಲ, ಫೋಟೋ ತೆಗೆಯಲು ಏನೂ ಇಲ್ಲ, ಅದಕ್ಕೇ ಇರಬೇಕು. ಮುಂಬೈ ಪ್ರಾಂತ್ಯದಲ್ಲಿ ಕೆಲಸ ಮಾಡುತ್ತಿದ್ದಾಗ, ಪುಣೆ ಕಡೆಯ ನೀರಾ ಕಾಲುವೆಯ ಕೆಳಗೆ, ಜಮೀನನ್ನು ಬ್ಲಾಕುಗಳಾಗಿ ಹಂಚಿ, ಬೆಳೆ ಬದಲಿಸುತ್ತಾ, ನೀರನ್ನು ಲೆಕ್ಕದಲ್ಲಿ ಬಿಡುವ ವ್ಯವಸ್ಥೆ ಅದು. ಇದ್ದ ನೀರೇ ಜಾಸ್ತಿ ಊರುಗಳಿಗೆ ಹಂಚಿಹೋಗಲಿ ಅಂತ. ಕಾಲುವೆಯ ಹತ್ತಿರದ ರೈತರು ಮೊದಮೊದಲು ಒಪ್ಪಲಿಲ್ಲ. ಒಪ್ಪುವುದಾದರೂ ಹೇಗೆ, ಅವರದು ಸೊನ್ನೆಯಲ್ಲಿದ್ದ ಸ್ಕ್ರೂ. ಮುದ್ದೇನಹಳ್ಳಿ ನಮ್ಮೂರಿಗೇನೂ ದೂರವಲ್ಲ. ಅಷ್ಟು ಹತ್ತಿರದಲ್ಲಿ ಹುಟ್ಟಿದವರು ಪಾಳಿಯ ಲೆಕ್ಕಕ್ಕೆ ತಲೆ ಕೆಡಿಸಿಕೊಂಡಿದ್ದರು ಅಂತ ಗೊತ್ತಾದಾಗ, ಫೋಟೋದಲ್ಲಿರುವ ಪೇಟ ಕಟ್ಟಿದ ಮನುಷ್ಯ ಮೊದಲ ಸಲ ನನಗೆ ಪರಿಚಯದವರು ಅನ್ನಿಸಿದರು.

ಸರಿ, ಸಭೆ ಕರೆದೆವು. ಆಂಜನೇಯನ ಗುಡಿ ಮುಂದೆ, ಅಪ್ಪನೂ ಸೇರಿ ಹನ್ನೊಂದು ಜನ, ನಾನು, ನಮ್ಮ ಭಾಗದ ಲೈನ್‌ಮ್ಯಾನ್ ಅಣ್ಣ. ಲೈನ್‌ಮ್ಯಾನ್ ಅಣ್ಣನ ಬಗ್ಗೆ ಒಂದು ಮಾತು ಹೇಳಬೇಕು. ಈಗ ಅವರನ್ನು ಪವರ್‌ಮ್ಯಾನ್ ಅಂತ ಕರೆಯಬೇಕು, ಆದರೆ ಊರಿನವರ ಬಾಯಿಗೆ ಇನ್ನೂ ಹತ್ತಿಲ್ಲ. ನಮ್ಮ ಟಿಸಿಯ ಕಷ್ಟವನ್ನು ನನ್ನ ಪುಸ್ತಕಗಳಿಗಿಂತ ಚೆನ್ನಾಗಿ ಬಲ್ಲ ಮನುಷ್ಯ. ಯಾವ ಹೊಲದಲ್ಲಿ ಕೆಪಾಸಿಟರ್ ಕಿತ್ತು ಮೂಲೆಗೆ ಎಸೆದಿದ್ದಾರೆ, ಯಾರು ಫ್ಯೂಸಿನ ಜಾಗದಲ್ಲಿ ಬೇಲಿ ತಂತಿ ಕಟ್ಟಿದ್ದಾರೆ, ಎಲ್ಲ ಬಾಯಿಪಾಠ. ಕೆಪಾಸಿಟರ್ ಸರಿಯಾಗಿದ್ದರೆ ಅದೇ ಕೆಲಸಕ್ಕೆ ಎಳೆಯುವ ಕರೆಂಟು ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ ಅಂತ ನಾನು ಹೇಳಿದಾಗ, "ನಾನು ಹತ್ತು ವರ್ಷದಿಂದ ಹೇಳ್ತಾ ಇದೀನಿ, ನೀನು ಇಂಗ್ಲಿಷಲ್ಲಿ ಹೇಳು, ಕೇಳಬಹುದು" ಅಂದರು.

ಸಭೆ ಎರಡು ಗಂಟೆ ನಡೆಯಿತು. ಲೆಕ್ಕ ಎಲ್ಲರಿಗೂ ಅರ್ಥವಾಯಿತು. ನಮ್ಮ ಜನ ದಡ್ಡರೇನಲ್ಲ, 500 ಮತ್ತು 84 ಅಂದ ಕೂಡಲೇ ತಲೆದೂಗಿದರು. ತಕರಾರು ಬಂದದ್ದು ಒಂದೇ ಕಡೆ. ಕೊನೆಯವನು ಯಾರು? 100 ಸೆಕೆಂಡು. ಎರಡು ನಿಮಿಷವೂ ಇಲ್ಲ. ಏಳು ಗಂಟೆಯ ಕರೆಂಟಿನಲ್ಲಿ ಎರಡು ನಿಮಿಷ ಏನು ಅಂತ ನಾನು ಕೇಳಿದರೆ, "ನೀರು ಒಂದೇ ಅಲ್ವೇನಮ್ಮ ಕೆಳಗೆ? ಅವನು ಮೊದಲು ಎತ್ತಿದರೆ ನಮ್ಮದು ಅವನ ಕಡೆ ಜಾರಲ್ವಾ?" ಅಂತ ಒಬ್ಬರು ಕೇಳಿದರು. ನೂರು ಸೆಕೆಂಡಿನಲ್ಲಿ ಜಾರುವುದಿಲ್ಲ. ಆದರೆ ನೂರು ದಿನದಲ್ಲಿ, ನೂರು ವಾರದಲ್ಲಿ ಅವರು ಹೇಳಿದ್ದು ಸುಳ್ಳೂ ಅಲ್ಲ. ಕೊನೆಗೆ ತಾತನೇ ದಾರಿ ತೋರಿಸಿದ. ಚೀಟಿ ಎತ್ತಿ, ತಿಂಗಳಿಗೊಮ್ಮೆ ಬದಲಾಯಿಸಿ, ಹಿಂದೆ ಕೆರೆ ನೀರಿಗೆ ಮಾಡುತ್ತಿದ್ದ ಹಾಗೆ. ಪೂಜಾರಪ್ಪನ ಮೊಮ್ಮಗಳು ಹನ್ನೊಂದು ಚೀಟಿ ಎತ್ತಿಕೊಟ್ಟಳು. ನಮಗೆ ಏಳನೇ ನಂಬರು ಬಂತು. ಸ್ಕ್ರೂ ಇಲ್ಲದ ಮೂರು ಡಬ್ಬಿಗಳಿಗೆ ಭಾಯಿ ಕಡಿಮೆ ಬೆಲೆಯ ಟೈಮರ್ ಹಾಕಿಕೊಟ್ಟರು. ನನ್ನ ಮೈಕ್ರೋಕಂಟ್ರೋಲರ್ ಡಬ್ಬಿ ಇನ್ನೂ ಹಾಸ್ಟೆಲಿನ ಕಪಾಟಿನಲ್ಲಿದೆ.

ಅಂದಿನಿಂದ ಯುಗಾದಿಯವರೆಗೆ ನಮ್ಮ ಟಿಸಿಯ ಫ್ಯೂಸು ಹೋಗಿದ್ದು ಒಂದೇ ಸಲ, ಅದೂ ಗಾಳಿಗೆ ಗರಿ ಬಿದ್ದು. ನಾನು ಜಂಬ ಪಟ್ಟೆ. ಪಡಬಾರದು ಅಂತೇನಿಲ್ಲವಲ್ಲ.

ಆದರೆ ಜಂಬ ಜಾಸ್ತಿ ದಿನ ಉಳಿಯಲಿಲ್ಲ. ಭಾಯಿ ಒಂದು ಸಂಜೆ ಟೀ ಕುಡಿಯುತ್ತಾ, "ಮೋಟಾರು ಸುಡದಿದ್ದರೆ ನನ್ನ ಅಂಗಡಿ ಮುಚ್ಚುತ್ತೆ, ಅದಿರಲಿ" ಅಂತ ನಕ್ಕು, ಆಮೇಲೆ ಮೆಲ್ಲಗೆ ಕೇಳಿದರು, "ಎಲ್ಲ ಮೋಟಾರೂ ಚೆನ್ನಾಗಿ ಓಡಿದರೆ ಕೆಳಗಿನ ನೀರು ಎಷ್ಟು ದಿನ ಬರುತ್ತೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅಪ್ಪ ಹುಡುಗನಾಗಿದ್ದಾಗ ತೆರೆದ ಬಾವಿಯಲ್ಲಿ ಈಜಿದ್ದಾನಂತೆ. ನಾನು ಹುಟ್ಟಿದ ವರ್ಷ ಕೊರೆಸಿದ ಬೋರು 300 ಅಡಿ. ಈಗಿನದು 720. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ರಾಜ್ಯದ ಕರೆಂಟಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೀಗೆ ನೀರೆತ್ತಲು ಹೋಗುತ್ತದೆ. ಹಾಸ್ಟೆಲಿನಲ್ಲಿ ಕೂತು "ಮೀಟರ್ ಹಾಕಿ ದುಡ್ಡು ತಗೊಳ್ಳಿ, ಆಗ ಬುದ್ಧಿ ಬರುತ್ತೆ" ಅನ್ನುವ ಸ್ನೇಹಿತರಿದ್ದಾರೆ. ಅವರ ಮನೆಯಲ್ಲಿ ಯಾರೂ 32 ಪೈಪು ಎಣಿಸಿಲ್ಲ. ಹಾಗಂತ ಅವರು ಹೇಳುವುದು ಪೂರ್ತಿ ತಪ್ಪು ಅಂತ ಹೇಳಲು ನನ್ನಿಂದ ಆಗುವುದಿಲ್ಲ. ನನ್ನ ಅಪ್ಪನ ಮೋಟಾರು ಉಳಿಸುವುದು ಸುಲಭ, ಅಪ್ಪನ ನೀರು ಉಳಿಸುವುದು ಬೇರೆಯೇ ಲೆಕ್ಕ, ಈ ಎರಡೂ ಎಷ್ಟೋ ಸಲ ಎದುರುಬದುರು ನಿಲ್ಲುತ್ತವೆ.

ನಾಲ್ಕನೇ ಸೆಮಿಸ್ಟರಿನಲ್ಲಿ ಪಾವಗಡದ ಸೋಲಾರ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ನಮ್ಮ ಪಕ್ಕದ ತಾಲ್ಲೂಕೇ. 2050 ಮೆಗಾವ್ಯಾಟ್, ಸುಮಾರು 13,000 ಎಕರೆ. ಜಮೀನು ಕೊಂಡುಕೊಂಡಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಶುರುಮಾಡಿ, ಆಮೇಲೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಬಂದಿದ್ದಾರೆ. ಮಳೆಯಿಲ್ಲದ ಸೀಮೆಯಲ್ಲಿ ಬಿಸಿಲಿಗೆ ಬಾಡಿಗೆ ಸಿಗುವುದು ಸಣ್ಣ ಮಾತಲ್ಲ. ಜಮೀನಿದ್ದವರಿಗೆ ಸಿಕ್ಕಿತು. ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಏನು ಸಿಕ್ಕಿತು ಅಂತ ನಾನು ಅಲ್ಲಿ ಕೇಳಿದೆ, ವಿಸಿಟಿನ ಟೈಮು ಮುಗಿಯಿತು ಅಂದರು. ಕಣ್ಣಿಗೆ ಕಾಣುವಷ್ಟು ದೂರ ನೀಲಿ ಹಲಗೆಗಳು, ನಡುವೆ ಅಲ್ಲಲ್ಲಿ ಒಂದೊಂದು ಬೇವಿನ ಮರ. ಆವತ್ತು ತಲೆಯಲ್ಲಿ ಓಡುತ್ತಿದ್ದುದು ಇಷ್ಟೇ. ಇಷ್ಟೆಲ್ಲ ಕರೆಂಟು ಹುಟ್ಟುವುದು ಹಗಲು ಹೊತ್ತು. ಹಾಗಿದ್ದ ಮೇಲೆ ಹೊಲದ ಕರೆಂಟನ್ನು ಪೂರ್ತಿ ಹಗಲಿಗೇ ತರಬಹುದು, ರಾತ್ರಿ ಯಾರೂ ಕೋಲು ಕುಟ್ಟಿಕೊಂಡು ಹೋಗಬೇಕಿಲ್ಲ. ಫೀಡರುಗಳಿಗೇ, ಅಂದರೆ ಹೊಲಗಳ ಕಡೆ ಕರೆಂಟು ತರುವ ಲೈನುಗಳಿಗೇ, ಸೋಲಾರ್ ಜೋಡಿಸುವ ಕೆಲಸ ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆಯಲ್ಲಿ ಶುರುವಾಗಿದೆ. ನನಗೆ ಆ ಕೆಲಸದ ಹತ್ತಿರ ಎಲ್ಲಾದರೂ ಒಂದು ಕುರ್ಚಿ ಬೇಕು. ದೊಡ್ಡ ಕುರ್ಚಿಯೇನೂ ಬೇಡ.

ಇತಿಹಾಸ ನೋಡಿದರೆ ಕರೆಂಟು ಮೊದಲಿಂದಲೂ ನಮ್ಮಂಥವರನ್ನು ದಾಟಿಕೊಂಡೇ ಹೋಗಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿ ಹಿಡಿದು ನೇರ ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ತಾತನ ಮನೆಗೆ ಬಂದಾಗ ತಾತನಿಗೆ ಮದುವೆಯಾಗಿತ್ತಂತೆ. ಆ ಕಾಲಕ್ಕೆ ಅಷ್ಟು ದೂರ ಕರೆಂಟು ಸಾಗಿಸಿದ್ದು ಎಂಥ ಸಾಹಸ ಅಂತ ಓದುವಾಗ ಮೈ ಜುಂ ಅನ್ನುತ್ತದೆ. ತಂತಿಯ ಕೆಳಗಿನ ಊರುಗಳಲ್ಲಿ ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಕೂತವರು ಆ ತಂತಿ ನೋಡಿ ಏನಂದುಕೊಂಡಿರಬಹುದು ಅಂತಲೂ ಅನ್ನಿಸುತ್ತದೆ.

ಈಗ ಪ್ಲೇಸ್‌ಮೆಂಟ್ ಸೀಸನ್ ಬರುತ್ತಿದೆ. ನಮ್ಮ ಬ್ಯಾಚಿನ ಟ್ರಿಪಲ್ ಇ ಹುಡುಗರೆಲ್ಲ ಕೋಡಿಂಗ್ ಕಲಿಯುತ್ತಿದ್ದಾರೆ. ನಾನೂ ಕಲಿಯುತ್ತಿದ್ದೇನೆ, ಮುಚ್ಚಿಡುವುದೇನಿದೆ. ಬ್ಯಾಂಕಿನ ಎಜುಕೇಶನ್ ಲೋನು ನನ್ನ ಕನಸು ಕೇಳಿಕೊಂಡು ಕಂತು ಹಾಕುವುದಿಲ್ಲ. ಇನ್ನೊಂದು ಕಡೆ ಸರ್ಕಾರದ ಕರೆಂಟು ಕಂಪನಿ ಕೆಪಿಟಿಸಿಎಲ್ ಪರೀಕ್ಷೆಯ ಪುಸ್ತಕವನ್ನೂ ತಂದಿಟ್ಟುಕೊಂಡಿದ್ದೇನೆ. ನೋಟಿಫಿಕೇಶನ್ ಯಾವಾಗ ಬರುತ್ತದೋ, ಬಂದರೆ ಎಷ್ಟು ಲಕ್ಷ ಜನ ಬರೆಯುತ್ತಾರೋ. ಸೆಕ್ಷನ್ ಆಫೀಸಿನಲ್ಲಿ ಕೂರುವ ಎಂಜಿನಿಯರ್ ಆಗಬೇಕು ಅಂದರೆ ನನ್ನ ರೂಮ್‌ಮೇಟ್ ನಗುತ್ತಾಳೆ, "ಅಷ್ಟು ಓದಿ ಫ್ಯೂಸ್ ಕಾಲ್ ಅಟೆಂಡ್ ಮಾಡ್ತೀಯಾ?" ಅಂತ. ಹೌದು ಅಂತ ಇನ್ನೂ ಗಟ್ಟಿಯಾಗಿ ಹೇಳಲು ಬಂದಿಲ್ಲ. ಲೈನ್‌ಮ್ಯಾನ್ ಅಣ್ಣನ ಹತ್ತಿರ ಹತ್ತು ವರ್ಷದ ಲೆಕ್ಕ ಇದೆ, ಅದನ್ನು ಕೇಳಿಸಿಕೊಂಡು ಕಾಗದಕ್ಕೆ ಇಳಿಸಿ, 11 ಕೆವಿ, ಅಂದರೆ 11,000 ವೋಲ್ಟಿನ ಲೈನನ್ನು ಹೊಲದ ಹತ್ತಿರಕ್ಕೇ ತಂದು, ಒಂದು ದೊಡ್ಡ ಟಿಸಿಯ ಬದಲು ಮೂರು ಮೂರು ಜನಕ್ಕೊಂದು ಚಿಕ್ಕ ಟಿಸಿ ಕೂರಿಸಿ ಅಂತ ಮೇಲಕ್ಕೆ ಬರೆಯುವವರು ಒಬ್ಬರು ಬೇಕು. 11 ಕೆವಿಯಲ್ಲಿ ಅದೇ ಶಕ್ತಿ ಸಾಗಿಸಲು, ಟಿಸಿಯಿಂದ ಹೊಲಕ್ಕೆ ಬರುವ ಲೈನಿಗಿಂತ ಕರೆಂಟು ಸುಮಾರು ಇಪ್ಪತ್ತೈದು ಪಟ್ಟು ಕಡಿಮೆ ಸಾಕು, ಅದೇ ತಂತಿಯಲ್ಲಿ ಬಿಸಿಯಾಗಿ ಹಾಳಾಗುವುದು ಆರುನೂರು ಪಟ್ಟು ಕಡಿಮೆ. ಇದೂ ಹೊಸದೇನಲ್ಲ. ಎಷ್ಟೋ ಕಡೆ ಮಾಡಿದ್ದಾರೆ. ಇದೂ ಒಂದು ಸ್ಕ್ರೂ, ತಿರುಗಿಸುವವರು ಬೇಕು. ಸ್ಕಾಲರ್‌ಶಿಪ್ಪಿನ ಅರ್ಜಿಯಲ್ಲಿ ಕೊನೆಗೆ ಒಂದೇ ಸಾಲು ಬರೆದೆ, ಕರೆಂಟಿಗೆ ನೀರುಗಂಟಿ ಆಗಬೇಕು ಅಂತ. ಆಮೇಲೆ ಅದನ್ನು ಅಳಿಸಿ, ಸುಸ್ಥಿರ ಅಭಿವೃದ್ಧಿ ಅಂತೆಲ್ಲ 300 ಪದ ತುಂಬಿಸಿ ಕಳಿಸಿದೆ. ದುಡ್ಡು ಬೇಕಿತ್ತು.

ಯುಗಾದಿಗೆ ಊರಿಗೆ ಹೋಗಿದ್ದೆ. ಹಬ್ಬದ ಮಾರನೇ ದಿನ ಸುಮ್ನೆ ಪಂಪ್‌ಹೌಸಿಗೆ ಹೋಗಿ ನಮ್ಮ ಡಬ್ಬಿಯ ಮುಚ್ಚಳ ಬಿಚ್ಚಿದೆ. ಸ್ಕ್ರೂ ಸೊನ್ನೆಯಲ್ಲಿತ್ತು.

ಹಿಂದೆ ಅಪ್ಪ ನಿಂತಿದ್ದ. ನಾನು ತಿರುಗಿ ನೋಡಿದೆ. ಅವನು ಅಡಿಕೆ ಮರದ ಕಡೆ ನೋಡುತ್ತಿದ್ದ.

"ಏನಪ್ಪಾ ಇದು?"

"ಸುಳಿ ಒಣಗ್ತಾ ಇತ್ತು ಮಗಾ."

"ಒಂದು ನಿಮಿಷಕ್ಕೆ ಸುಳಿ ಒಣಗುತ್ತಾ?"

"ಒಣಗಲ್ಲ. ಗೊತ್ತು." ಸ್ವಲ್ಪ ಹೊತ್ತು ಸುಮ್ಮನಿದ್ದ. "ಪಕ್ಕದವನೂ ತಿರುಗಿಸಿದಾನೆ ಅಂತ ಯಾರೋ ಅಂದರು."

ಪಕ್ಕದವರ ಡಬ್ಬಿಯನ್ನೂ ಹೋಗಿ ನೋಡಿದೆವು, ಅವರನ್ನೇ ಕರೆದುಕೊಂಡು. ಅದು ಇಪ್ಪತ್ತರಲ್ಲೇ ಇತ್ತು. ಅಪ್ಪನ ಮುಖ ನೋಡಲಾಗಲಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಒಪ್ಪಿದವನು ಅವನೇ.

ಆವತ್ತು ರಾತ್ರಿ ಕರೆಂಟು ಬರುವ ಹೊತ್ತಿಗೆ ಇಬ್ಬರೂ ಪಂಪ್‌ಹೌಸಿಗೆ ಹೋದೆವು. ಅಪ್ಪ ಟಾರ್ಚು ಹಿಡಿದ, ನಾನು ಟೆಸ್ಟರಿನಿಂದ ಸ್ಕ್ರೂವನ್ನು ಅರವತ್ತಕ್ಕೆ ತಿರುಗಿಸಿ ಮುಚ್ಚಳ ಹಾಕಿದೆ. ಎರಡು ಗಂಟೆ ಹತ್ತಕ್ಕೆ ಬಲ್ಬು ಹತ್ತಿತು. ಹತ್ತಿದ್ದು ಬೆಳ್ಳಗೆ. ಒಮ್ಮೆ ಮಿಟುಕಿತು, ಮೊದಲನೆಯವರದು ಎದ್ದಿತು. ಅಪ್ಪ ಬಾಯಲ್ಲಿ ಎಣಿಸುತ್ತಾ ನಿಂತ. ಹತ್ತಕ್ಕೆ ಇನ್ನೊಮ್ಮೆ ಮಿಟುಕಿತು. ಇಪ್ಪತ್ತಕ್ಕೆ ಪಕ್ಕದವರ ಡಬ್ಬಿ ಟಪ್ ಅಂದದ್ದು ಇಲ್ಲಿಗೇ ಕೇಳಿಸಿತು. ಮೂವತ್ತು, ನಲವತ್ತು, ಐವತ್ತು. ಐವತ್ತೊಂಬತ್ತು, ಅರವತ್ತು ಅಂದ ಅಪ್ಪ. ಡಬ್ಬಿ ಸುಮ್ಮನಿತ್ತು. ಅರವತ್ತೊಂದು. ಅರವತ್ತೆರಡು. ಅರವತ್ತನಾಲ್ಕಕ್ಕೆ ಟಪ್ ಅಂದಿತು, ಬಲ್ಬು ಮಿಟುಕಿ ನಿಂತಿತು, ಸ್ವಲ್ಪ ಹೊತ್ತಿಗೆ ಪೈಪಿನಲ್ಲಿ ಗಾಳಿ ಬುಸುಗುಟ್ಟಿ, ತೊಟ್ಟಿಗೆ ನೀರು ಬಿತ್ತು.

"ನಾಲ್ಕು ಸೆಕೆಂಡು ಲೇಟಾಯ್ತಲ್ಲ ಮಗಾ?" ಅಂದ ಅಪ್ಪ.